ಗಾಳಿಗೂ ಬಾಗಿಲಿಗೂ

ಗೊಂಬೋರಿ ಘಟ್ಟದ ನೆತ್ತಿಯಲ್ಲಿ ವ್ಯಾನು ಕೆಮ್ಮಿ ನಿಂತಿತು.
ಡ್ರೈವರು ಬಾನೆಟ್ಟು ಎತ್ತಿ ನೋಡಿದ, ಸಿಗರೇಟು ಹಚ್ಚಿದ,
ಎಲ್ಲರಿಗೂ ಏನೋ ಹೇಳಿದ.
ಎಲ್ಲರೂ ಇಳಿದು ನಡೆದರು. ನನಗೆ ಅರ್ಥವಾದದ್ದು
ಅವರ ಬೆನ್ನು ಮಾತ್ರ.
ಆ ಬೆನ್ನುಗಳ ಹಿಂದೆ ನಾನೂ ಹೊರಟೆ.

ಮೂವತ್ತೊಂದು ವರ್ಷ ಅಚ್ಚುಮೊಳೆ ಜೋಡಿಸಿದ ಕೈ ನನ್ನದು.
ಜಾರ್ಜಿಯಾದ ಅಕ್ಷರ ಕಂಡ ಮೊದಲ ದಿನ
ಔಷಧದಂಗಡಿಯ ಬೋರ್ಡಿನ ಕೆಳಗೆ ಬಹಳ ಹೊತ್ತು ನಿಂತಿದ್ದೆ.
ಯಾರೋ ನಮ್ಮ ಪ್ರೆಸ್ಸಿನ ಮೊಳೆಪೆಟ್ಟಿಗೆಯನ್ನು
ಕೈಜಾರಿ ಬೀಳಿಸಿ, ಸಿಕ್ಕಿದ್ದನ್ನು ಸಿಕ್ಕಂತೆ
ಆರಿಸಿಟ್ಟ ಹಾಗಿತ್ತು. ಅಗೋ ನಮ್ಮ ಠ, ಮಗುಚಿದ ಲ,
ಇದು ರ ಇದ್ದೀತು, ತಲೆಕಟ್ಟು ಕಳಕೊಂಡ ರ.
ಇನ್ನೇನು ಓದಿಬಿಡುತ್ತೇನೆ ಅನ್ನಿಸುತ್ತದೆ. ಒಂದೂ ಬಾಯಿಗೆ ಬರುವುದಿಲ್ಲ.
ನೆಂಟರ ಮುಖ, ಊಟಕ್ಕೆ ಕರೆಯದ ನೆಂಟರು.

ಕತ್ತಲಾಗುವ ಹೊತ್ತಿಗೆ ಬೆನ್ನುಗಳು
ಒಂದೊಂದು ಗೇಟಿನೊಳಗೆ ಒಂದೊಂದಾಗಿ ಕರಗಿದವು.
ಉಳಿದದ್ದು ನಾನು, ಕುಂಟುವ ನಾಯಿ,
ದ್ರಾಕ್ಷಿ ಚಪ್ಪರದಡಿ ಹುರುಳಿಕಾಯಿ ಬಿಡಿಸುತ್ತಿದ್ದ ನನೂಲಿ.
ಅವಳು ನನ್ನ ಚೀಲ ನೋಡಿದಳು, ಚಪ್ಪಲಿ ನೋಡಿದಳು,
ಇನ್ನೇನೂ ಕೇಳಲಿಲ್ಲ.
ಕೇಳಿರಬಹುದು.

"ಪುರಿ?" ಎಂದಳು, ಬಾಯಿಗೆ ಕೈ ಒಯ್ದು.
ಈ ಹಸಿವಿಗೆ ಪುರಿ ಯಾವ ಮೂಲೆಗೆ,
ನಾಲ್ಕು ಕಡಲೆಯನ್ನಾದರೂ ಬೆರೆಸುತ್ತಾಳೋ ಎಂದು ಕೂತೆ.
ಬಂದದ್ದು ದೋಣಿಯಂಥ ರೊಟ್ಟಿ,
ಒಲೆಯ ಗೋಡೆಯ ಮಸಿ ಹತ್ತಿದ್ದು,
ಎರಡೂ ಕೈ ಹಾಕಿ ಹರಿಯಬೇಕಾದದ್ದು.

ಗೋಡೆಯಲ್ಲಿ ಮೀಸೆಯ ಗಂಡಸಿನ ಫೋಟೋ.
"ಮಾಮಾ," ಎಂದಳು.
ಸರಿ, ತಾಯಿಯ ತಮ್ಮ, ಎಂದುಕೊಂಡೆ.
ಅವಳು ತನ್ನೆದೆ ಮುಟ್ಟಿಕೊಂಡು, ಅಂಗೈಯನ್ನು
ಮೊಣಕಾಲಿನೆತ್ತರಕ್ಕೆ ಇಳಿಸಿದಳು: ಇಷ್ಟಿದ್ದೆ.
ಆಮೇಲೆ ರಸ್ತೆಯ ಕಡೆ ಕೈ ಚಾಚಿದಳು,
ಚಾಚಿದ ಕೈ ಬೇಗ ತಿರುಗಿ ಬರಲಿಲ್ಲ.
ಆಗ ತಿಳಿಯಿತು, ಅಪ್ಪ.
ಇಡೀ ಸಂಜೆ ಅವಳ ಅಪ್ಪನನ್ನು ನಾನು
ಯಾರದೋ ಸೋದರಮಾವ ಮಾಡಿ ಕೂರಿಸಿದ್ದೆ.

ಮಲಗುವ ಮುನ್ನ "ಕರಿ, ಕರಿ" ಎಂದು ಅವಸರ ಮಾಡಿದಳು.
ಏನು ಕರಿಯಲಿ? ಯಾರನ್ನು ಕರೆಯಲಿ?
ಮೂಲೆಯಲ್ಲಿ ಕರೀ ಬೆಕ್ಕೇನಾದರೂ ಇದೆಯೋ?
ಹಲಗೆ ತಟ್ಟಿ ತೋರಿಸಿದಳು: ಬಾಗಿಲು.
ಹೊರಗೆ ಬಾಗುತ್ತಿದ್ದ ವಾಲ್ನಟ್ ಮರ ತೋರಿಸಿ
ಉಫ್ ಎಂದು ಊದಿದಳು: ಅದೂ ಕರಿಯೇ, ಗಾಳಿ.
ಬಾಗಿಲಿಗೆ ಗಂಟಲು ಮುಚ್ಚಿ ತೆರೆಯಬೇಕು,
ಗಾಳಿಗೆ ಉಸಿರು ಸುಮ್ಮನೆ ಬಿಡಬೇಕು. ಅಷ್ಟೇ ವ್ಯತ್ಯಾಸ.
ಹತ್ತು ಸಲ ಬಾಗಿಲೆಂದೆ,
ಹತ್ತೂ ಸಲ ಗಾಳಿಯೇ ಒಳಬಂತು.
ನಕ್ಕೂ ನಕ್ಕೂ ಅವಳ ಹಲ್ಲುಸೆಟ್ಟು ಸಡಿಲಾಯಿತು.

ಬೆಳಿಗ್ಗೆ ಕೆಳಗೆ ಹಾರನ್ನು.
ನನ್ನ ಫೋನನ್ನು ಅವಳ ತುಟಿಗೆ ಹಿಡಿದೆ.
ಏನೋ ಹೇಳಿದಳು, ಒಂದೇ ಒಂದು ಪದ.
ಯಂತ್ರದ ಹೆಂಗಸು ಕನ್ನಡದಲ್ಲಿ ನುಡಿದಳು:
"ನಾನು ನಿನ್ನ ಸುತ್ತ ತಿರುಗುತ್ತೇನೆ."
ಇಬ್ಬರೂ ಫೋನನ್ನೇ ನೋಡಿದೆವು.

ಮೆಟ್ಟಿಲು ಇಳಿಯುವಾಗ ಹೊಳೆಯಿತು:
ಜ್ವರ ಬಂದ ನನ್ನನ್ನು ಹೊಸಿಲಲ್ಲಿ ನಿಲ್ಲಿಸಿ
ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು
ಸೋದರತ್ತೆ ಸುತ್ತಿದ್ದು. ನಿವಾಳಿ.
ನಿನ್ನ ಪೀಡೆಯೆಲ್ಲ ನನಗಿರಲಿ.

ಓಡಿ ಹತ್ತಿ, ಮೇಜಿನ ಉಪ್ಪು ಹಿಡಿಯಷ್ಟು ತೆಗೆದು
ಅವಳಿಗೆ ಮೂರು ಸುತ್ತು ನಿವಾಳಿಸಿದೆ.
"ಥೂ ಥೂ ಥೂ," ಎಂದೆ.
"ತೂ ತೂ ತೂ," ಎಂದಳು, ತಕ್ಷಣ,
ತಿದ್ದಲಿಲ್ಲ.

ಒಲೆ ಆರಿತ್ತು, ಉಪ್ಪು ಹಾಕಲು ಬೆಂಕಿಯಿಲ್ಲ.
ವ್ಯಾನು ಹೊರಟಾಗ ಡ್ರೈವರು ಹಿಂತಿರುಗಿ ಕೂಗಿದ: ಕರಿ!
ಬಾಗಿಲೋ, ಗಾಳಿಯೋ. ಎರಡೂ ಅಲ್ಲೇ ಇದ್ದವು.
ಎಡಗೈಯಲ್ಲಿ ಎಳೆದು ಹಾಕಿದೆ.
ಬಲಗೈಯೊಳಗೆ ಉಪ್ಪು ಬೆವರುತ್ತಿತ್ತು.